ಪ್ರತಿಕ್ರಿಯೆ: ಹೆಲ್ಮೆಟ್ ಹಾಕಿದರೆ ಅಪ್ಪನಿಗೆ ಹಣೆನೋವು

ನಿಮ್ಮ ಅಪ್ಪನ ಹಣೆನೋವಿಗೆ ಬಿಸಿಲಿಗಿಂತ ಜಾಸ್ತಿ ಹೆಲ್ಮೆಟ್ಟಿನ ಅಳತೆಯದ್ದೇ ತಪ್ಪು ಇರಬೇಕು. ಅರ್ಧ ಗಂಟೆಗೆ ಹಣೆ ನೋಯುತ್ತದೆ, ಅದಕ್ಕೇ ಅಪ್ಪ ಅದನ್ನು ಟ್ಯಾಂಕ್ ಮೇಲಿಟ್ಟು ಹೋಗುತ್ತಾರೆ ಅಂದಿದ್ದೀರಿ, ನಮ್ಮಣ್ಣನಿಗೂ ಹೀಗೇ ಆಗಿತ್ತು.

ಮೊದಲು ಟೇಲರ್ ಟೇಪಿನಿಂದ ತಲೆ ಅಳೆಯಿರಿ. ಹುಬ್ಬಿಗಿಂತ ಒಂದು ಬೆರಳು ಮೇಲಿಂದ, ಹಿಂದೆ ತಲೆ ಉಬ್ಬಿರುವ ಕಡೆ ಸುತ್ತಬೇಕು. ಎಷ್ಟು ಸೆಂಟಿಮೀಟರ್ ಬಂತು, ಹೆಲ್ಮೆಟ್ ಮೇಲೆ ಎಷ್ಟಿದೆ, ಹೋಲಿಸಿ. ಸರಿಯಿದ್ದೂ ನೋಯುತ್ತಿದ್ದರೆ ತಲೆಯ ಆಕಾರಕ್ಕೆ ಆ ಮಾಡೆಲ್ ಒಗ್ಗಿಲ್ಲ ಅನ್ನಿಸುತ್ತದೆ, ನೋಡದೆ ಖಚಿತವಾಗಿ ಹೇಳಲಾರೆ.

ಹೊಸದು ತರುವಾಗ ಅಪ್ಪನನ್ನೇ ಕರೆದುಕೊಂಡು ಹೋಗಿ. ಐಎಸ್‌ಐ ಗುರುತು, ಐಎಸ್ 4151 (ಹೆಲ್ಮೆಟ್ಟಿನ ಗುಣಮಟ್ಟದ ನಂಬರ್) ಅಂತ ಇರಲೇಬೇಕು, 2021ರ ಜೂನ್ 1ರಿಂದ ಅದಿಲ್ಲದ್ದನ್ನು ಮಾರುವ ಹಾಗೇ ಇಲ್ಲ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ನಿಲ್ಲಲಿ. ಕೆನ್ನೆ ಸ್ವಲ್ಪ ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಬಿಗಿದು ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ, ಕಳಚಿ ಬಂದರೆ ಬೇಡ. ನಮ್ಮ ಕಡೆ ಎಷ್ಟೋ ಜನ ಪಟ್ಟಿ ಹಾಕುವುದೇ ಇಲ್ಲ, ಬಿದ್ದ ಕೂಡಲೇ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ, ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಿಳಿ ಬಣ್ಣ, ಗಾಳಿ ಕಿಂಡಿ ಇರುವುದು ತಗೊಳ್ಳಿ. ಒಳಗೆ ದಪ್ಪ ಟವೆಲ್ ಸುತ್ತಬೇಡಿ, ಅಳತೆ ಕೆಡುತ್ತದೆ. ತೆಳು ಹತ್ತಿ ಟೋಪಿ ಸಾಕು. ಹೆಲ್ಮೆಟ್ ಇಲ್ಲದಾಗಲೂ ತಲೆ ನೋಯುತ್ತಿದ್ದರೆ ಬಿಪಿ, ಕಣ್ಣು ತೋರಿಸಿ. ಸರಿಯಾದ ಹೆಲ್ಮೆಟ್ ಬರುವವರೆಗೆ ಗಾಡಿ ಕೀ ನೀವೇ ಇಟ್ಟುಕೊಳ್ಳಿ.