ಮೈಲುತುತ್ತದ ಲೆಕ್ಕ ಕೇಳುವವರು

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: “ಪಕ್ಷಾಂತರಿಗಳನ್ನು ಬೈಯುವ ನೀವು ನಮ್ಮ ಜಿಲ್ಲೆಯ ರಾಮಕೃಷ್ಣ ಹೆಗಡೆಯವರನ್ನು ಮಾತ್ರ ಹೊಗಳುತ್ತೀರಿ. ಕೊಟ್ಟ ರಾಜೀನಾಮೆ ವಾಪಸು ಪಡೆದವರು ಅವರೂ ಅಲ್ಲವೇ? ಅದಿರಲಿ, ಪಕ್ಷಗಳ ರಾಜ್ಯಾಧ್ಯಕ್ಷ ಯಾರಾದರೆ ನಮಗೇನು? ರಸ್ತೆ ಸರಿಯಾದರೆ ಸಾಕು.”

ಮೊದಲ ಪೆಟ್ಟು ಸರಿಯಾಗಿಯೇ ಬಿದ್ದಿದೆ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಚುಚ್ಚಿದ್ದಕ್ಕೆ ಆಗ ಮುಖ್ಯಮಂತ್ರಿಯಾಗಿದ್ದ ಹೆಗಡೆಯವರು ರಾಜೀನಾಮೆ ಕೊಟ್ಟರು, ಮೂರೇ ದಿನಕ್ಕೆ ಹಿಂದೆ ಪಡೆದರು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದಕ್ಕೂ ಹಿಂದಿನದನ್ನು ನೋಡಿ. 1984ರ ಲೋಕಸಭಾ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ದಕ್ಕಿದ್ದು ನಾಲ್ಕೇ ಸೀಟು. ಕುರ್ಚಿ ಬಿಡಿ ಎಂದು ಕಾನೂನೇನೂ ಹೇಳಿರಲಿಲ್ಲ. ಜನ ನಮ್ಮನ್ನು ಒಪ್ಪಿಲ್ಲ ಎಂದು ಅವರೇ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋದರು. 1985ರಲ್ಲಿ 139 ಸ್ಥಾನ ಗೆದ್ದು ಬಂದರು. ನಡೆ ಬದಲಾಯಿತು, ಕಾರಣ ಎಲ್ಲರೆದುರು ಇತ್ತು. ನಾನು ಕೇಳುವುದು ಇಷ್ಟೇ. ನಾಯಕ ಮನಸ್ಸು ಬದಲಿಸಲಿ, ಯಾಕೆಂದು ಹೇಳಲಿ.

ಅದೇ ಹೆಗಡೆಯವರನ್ನು 1996ರಲ್ಲಿ ಜನತಾದಳ ಉಚ್ಚಾಟಿಸಿತು. ತಾವೇ ನಿಂತು ಕಟ್ಟಿದ ಮನೆಯಿಂದ ಹೊರಗೆ. ಊರಲ್ಲಿ ಧ್ವಜ ಕಟ್ಟಿದ ಕಾರ್ಯಕರ್ತನನ್ನು ಯಾರು ಕೇಳಿದ್ದರು?

ಇನ್ನು ಎರಡನೆಯ ಮಾತು. ಹಿಂದೊಮ್ಮೆ ಶಿರಸಿಯಲ್ಲಿ ಒಂದು ಅಡಿಕೆ ಸೊಸೈಟಿಯ ಸರ್ವಸಾಧಾರಣ ಸಭೆಗೆ ಹೋಗಿದ್ದೆ. ವರದಿ ಪುಸ್ತಕ ಎಲ್ಲರ ಕೈಯಲ್ಲಿತ್ತು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಬೇಕಾದ ಮೈಲುತುತ್ತದ ಲೆಕ್ಕವೂ ಅದರಲ್ಲಿತ್ತು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕನ್ನಡಕ ಏರಿಸಿ ಎದ್ದರು: “ಅಧ್ಯಕ್ಷರೇ, ಮೈಲುತುತ್ತದ ಸಾಗಾಟ ವೆಚ್ಚ ಹೋದ ವರ್ಷಕ್ಕಿಂತ ಜಾಸ್ತಿ ಆಗಿದ್ದು ಹೇಗೆ?” ಅಧ್ಯಕ್ಷರು ಬೆವರು ಒರೆಸಿಕೊಂಡು ಉತ್ತರ ಕೊಟ್ಟರು. ಹಿರಿಯರಿಗೆ ಸಮಾಧಾನವಾಗಲಿಲ್ಲ, ಮತ್ತೆ ಎದ್ದರು. ಊಟದ ಪಂಕ್ತಿಯಲ್ಲೂ ಅದೇ ಚರ್ಚೆ!

ಇಷ್ಟು ಜಾಗ ನಮ್ಮ ಪಕ್ಷಗಳಲ್ಲಿ ಇದೆಯೇ? ರಾಜ್ಯಾಧ್ಯಕ್ಷರು ಬರುವುದು ದೆಹಲಿಯ ಒಂದು ಪತ್ರದಿಂದ. 2020ರಲ್ಲಿ ಕಾಂಗ್ರೆಸ್‌ಗೆ ಡಿ.ಕೆ. ಶಿವಕುಮಾರ್ ಬಂದದ್ದೂ ಹಾಗೆ, 2023ರಲ್ಲಿ ಬಿಜೆಪಿಗೆ ಬಿ.ವೈ. ವಿಜಯೇಂದ್ರ ಬಂದದ್ದೂ ಹಾಗೆ. (ಜೆಡಿಎಸ್‌ನದು ಮನೆಯೊಳಗಿನ ಮಾತು, ಬಿಡಿ.) 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಎಂದು ಆದೇಶಿಸಿತು. ಅದು ಕಾಗದದಲ್ಲೇ ಉಳಿಯಿತು.

ನಿಮ್ಮ ರಸ್ತೆಗೂ ಇದಕ್ಕೂ ನಂಟಿದೆ ಮಾರಾಯರೇ. ಟಿಕೆಟ್ ಕೊಡುವವರು ಮೇಲೆ ಕೂತಿರುವಾಗ ಶಾಸಕರ ಕತ್ತು ಮೇಲಕ್ಕೇ ತಿರುಗಿರುತ್ತದೆ, ಹೊಂಡ ಕಾಣುವುದು ಹೇಗೆ?

ಒಂದು ಕೆಲಸ ಮಾಡಿ. ನಿಮ್ಮೂರಿನ ಬ್ಲಾಕ್ ಅಧ್ಯಕ್ಷರು ಸಿಕ್ಕಾಗ, ಯಾವ ಪಕ್ಷದವರಾದರೂ ಸರಿ, ನಿಮ್ಮನ್ನು ಆರಿಸಿದ್ದು ಯಾರು, ಎಷ್ಟು ಮತ ಬಿತ್ತು ಎಂದು ಕೇಳಿ. ಬಂದ ಉತ್ತರ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ