ರ‍್ಯಾಂಕಿಂಗ್ ಏಣಿ: ರಾಡುಕಾನು, ಕೊಂಟಾ ಮತ್ತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಎಮ್ಮಾ ರಾಡುಕಾನು 2021ರ ಅಮೆರಿಕ ಓಪನ್ ಗೆದ್ದು 150ನೇ ಸ್ಥಾನದಿಂದ ನೇರ 23ಕ್ಕೆ ಏರಿದರು. ಮುಂದಿನ ವರ್ಷ ಅದೇ ಟೂರ್ನಿ ಮುಗಿದಾಗ 83ಕ್ಕೆ ಬಿದ್ದಿದ್ದರು. ಒಂದೇ ವರ್ಷದಲ್ಲಿ ಆಟ ಅಷ್ಟು ಕೆಟ್ಟುಹೋಗುತ್ತದೆಯೇ? – ಮೈಸೂರಿನ ಓದುಗರು

ಉತ್ತರ: ಆಟ ಅಷ್ಟೊಂದು ಕೆಟ್ಟಿರಲಿಲ್ಲ. ರ‍್ಯಾಂಕಿಂಗ್ ಲೆಕ್ಕವೇ ಹಾಗಿದೆ.

ಮಹಿಳಾ ಟೆನಿಸ್ ನಡೆಸುವ ಡಬ್ಲ್ಯುಟಿಎ ನೋಡುವುದು ಹಿಂದಿನ 52 ವಾರಗಳನ್ನು ಮಾತ್ರ. ಈ ವಾರ ಗಳಿಸಿದ ಪಾಯಿಂಟ್ಸ್ ಸೇರುತ್ತವೆ, ಹೋದ ವರ್ಷ ಇದೇ ಟೂರ್ನಿಯಲ್ಲಿ ಗಳಿಸಿದ್ದು ಕಳಚಿಹೋಗುತ್ತದೆ. ಅಮೆರಿಕ ಓಪನ್‌ನಂಥ ಗ್ರ್ಯಾನ್‌ಸ್ಲಾಂ ಗೆದ್ದವರಿಗೆ 2000 ಪಾಯಿಂಟ್ಸ್. ಫೈನಲ್‌ನಲ್ಲಿ ಸೋತರೆ 1300, ಸೆಮಿಫೈನಲ್‌ನಲ್ಲಿ 780, ಕ್ವಾರ್ಟರ್‌ಫೈನಲ್‌ನಲ್ಲಿ 430, ನಾಲ್ಕನೇ ಸುತ್ತಿನಲ್ಲಿ 240. ಮೊದಲ ಸುತ್ತಿನಲ್ಲೇ ಸೋತರೆ ಬರೀ 10. ಮೇಲಿನ ಸುತ್ತುಗಳ ನಡುವೆ ಎಷ್ಟು ದೊಡ್ಡ ಅಂತರವಿದೆ ನೋಡಿ. ಎಲ್ಲ ಕಥೆಯೂ ಅಲ್ಲೇ ಇದೆ.

ರಾಡುಕಾನು ಆಗ 18ರ ಹುಡುಗಿ. ನಮ್ಮ ಪಿಯುಸಿಯಂಥ ಎ ಲೆವೆಲ್ ಪರೀಕ್ಷೆ ಮುಗಿಸಿ ಕೆಲವೇ ತಿಂಗಳಾಗಿತ್ತು. ನ್ಯೂಯಾರ್ಕಿನಲ್ಲಿ ಮೂರು ಅರ್ಹತಾ ಪಂದ್ಯ, ಮುಖ್ಯ ಸುತ್ತಿನಲ್ಲಿ ಏಳು, ಒಟ್ಟು ಹತ್ತು ಪಂದ್ಯ ಗೆದ್ದರು. ಆಡಿದ 20 ಸೆಟ್‌ಗಳಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ. ಒಲಿಂಪಿಕ್ ಚಾಂಪಿಯನ್ ಬೆಲಿಂಡಾ ಬೆನ್ಸಿಚ್ ಸೋತರು, ಮರಿಯಾ ಸಕ್ಕಾರಿ ಸೋತರು. ಫೈನಲ್‌ನಲ್ಲಿ 19ರ ಲೇಲಾ ಫರ್ನಾಂಡಿಸ್ 6-4, 6-3ರಿಂದ ಸೋತರು. ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾನ್‌ಸ್ಲಾಂ ಸಿಂಗಲ್ಸ್ ಗೆದ್ದವರು ಗಂಡಸರಲ್ಲೂ ಹೆಂಗಸರಲ್ಲೂ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅರ್ಹತಾ ಸುತ್ತು ದಾಟಿದ್ದಕ್ಕೆ 40, ಟ್ರೋಫಿಗೆ 2000. ಒಟ್ಟು 2040 ಪಾಯಿಂಟ್ಸ್ ಮೂರೇ ವಾರದಲ್ಲಿ ಬಂತು. ಅವರ ಖಾತೆಯ ಬಹುಪಾಲು ಅದೇ ಆಗಿತ್ತು.

2022ರಲ್ಲಿ ಅಲಿಝೆ ಕಾರ್ನೆ ಎದುರು ಮೊದಲ ಸುತ್ತಿನಲ್ಲೇ ಸೋತರು. 2040 ಹೋಯಿತು, 10 ಬಂತು. ಟೂರ್ನಿಗೆ ಮೊದಲು 11ನೇ ಸ್ಥಾನದಲ್ಲಿದ್ದವರು 83ಕ್ಕೆ ಇಳಿದರು. ನಡುವಿನ ವರ್ಷದಲ್ಲಿ ಅವರು ಸುಮಾರಾಗಿಯೇ ಆಡಿದ್ದರು, ಅದು ನಿಜ. ಆದರೆ 11 ಅವರ ಅಂದಿನ ಆಟದ ಅಳತೆಯಾಗಿರಲಿಲ್ಲ. ಹಾಗೆಯೇ 83 ಕೂಡ ಒಂದು ವಾರದ ಸೋಲಿನಿಂದ ಬಂದದ್ದಲ್ಲ.

ಅದಕ್ಕೇ ನಾನು ಯಾರ ರ‍್ಯಾಂಕಿಂಗ್ ಏರಿದರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ಪಾಯಿಂಟ್ಸ್ ಎಷ್ಟು ಟೂರ್ನಿಗಳಿಂದ ಬಂತು? ರಾಡುಕಾನು ವಿಷಯದಲ್ಲೇ ನೋಡಿ. 2023ರಲ್ಲಿ ಎರಡೂ ಮಣಿಕಟ್ಟು ಮತ್ತು ಒಂದು ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು. 2024ರ ಆರಂಭಕ್ಕೆ ಮುನ್ನೂರರ ಆಚೆ ಇದ್ದರು. 2025 ಮುಗಿಯುವಾಗ 29ನೇ ಸ್ಥಾನ. ಆ ವರ್ಷ ಒಂದು ಟ್ರೋಫಿಯೂ ಇಲ್ಲ. ಮಯಾಮಿಯಲ್ಲಿ ಕ್ವಾರ್ಟರ್‌ಫೈನಲ್, ಲಂಡನ್ನಿನ ಕ್ವೀನ್ಸ್ ಕ್ಲಬ್‌ನಲ್ಲಿ ಕ್ವಾರ್ಟರ್‌ಫೈನಲ್, ವಾಷಿಂಗ್ಟನ್‌ನಲ್ಲಿ ಸೆಮಿಫೈನಲ್, ವಿಂಬಲ್ಡನ್ ಮತ್ತು ಅಮೆರಿಕ ಓಪನ್‌ನಲ್ಲಿ ಮೂರನೇ ಸುತ್ತು. ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ಸೇರಿ ಆದ 29 ಅದು. ರ‍್ಯಾಂಕಿಂಗ್ ಲೆಕ್ಕದಲ್ಲಿ 2021ರ 23ಕ್ಕಿಂತ ಇದೇ ಗಟ್ಟಿ ಎಂದು ನನ್ನ ಖಚಿತ ಅಭಿಪ್ರಾಯ. ಒಂದು ವಾರ ಕೈಕೊಟ್ಟರೆ ಇಡೀ ಗೋಡೆ ಬೀಳುವುದಿಲ್ಲ.

ಪ್ರಶ್ನೆ: ಇದೇ ರಾಡುಕಾನು 2022ರ ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿಗೇ ಸೋತರು. ಆದರೂ ಮರುವಾರ 10ನೇ ಸ್ಥಾನಕ್ಕೆ ಏರಿದರಂತೆ. ಸೋತವರು ಮೇಲೆ ಹೋಗುವುದು ಹೇಗೆ? – ಉಡುಪಿಯ ಓದುಗರು

ಉತ್ತರ: ಸುತ್ತಲಿನವರು ಕೆಳಗೆ ಇಳಿದರು. ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ವಿಂಬಲ್ಡನ್ ಆ ವರ್ಷ ಹೊರಗಿಟ್ಟಿತು. ಅದಕ್ಕೆ ಡಬ್ಲ್ಯುಟಿಎ ಆ ಟೂರ್ನಿಗೆ ಪಾಯಿಂಟ್ಸ್ ಕೊಡಲೇ ಇಲ್ಲ. ಟ್ರೋಫಿ ಎತ್ತಿದ ಎಲೆನಾ ರಿಬಾಕಿನಾಗೂ ಸೊನ್ನೆಯೇ. ಆದರೆ ಹಿಂದಿನ ವಿಂಬಲ್ಡನ್ ಪಾಯಿಂಟ್ಸ್ ಎಲ್ಲರ ಖಾತೆಯಿಂದಲೂ ಕಳಚಿಕೊಂಡಿತು. ಅಲ್ಲಿ ಜಾಸ್ತಿ ಗಳಿಸಿದ್ದವರಿಗೆ ಜಾಸ್ತಿ ನಷ್ಟ. ರಾಡುಕಾನು ಕಳೆದುಕೊಂಡಿದ್ದು ನಾಲ್ಕನೇ ಸುತ್ತಿನ 240 ಅಷ್ಟೇ. ಅಮೆರಿಕ ಓಪನ್ ಪಾಯಿಂಟ್ಸ್ ಇನ್ನೂ ಹಾಗೇ ಇತ್ತು. 10 ಅವರ ಈವರೆಗಿನ ಅತ್ಯುತ್ತಮ ಸ್ಥಾನ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಡಬ್ಲ್ಯುಟಿಎಗಿಂತ ಕೆಳಗಿನ ಹಂತದ ಐಟಿಎಫ್ ಟೂರ್ನಿಗಳಲ್ಲಿ ಆಡುತ್ತಾಳೆ. ರ‍್ಯಾಂಕಿಂಗ್ ಎರಡು ವರ್ಷದಿಂದ ಏಳುನೂರರ ಆಸುಪಾಸಿನಲ್ಲೇ ನಿಂತಿದೆ. ‘ಟೆನಿಸ್‌ನಲ್ಲಿ ಇಪ್ಪತ್ತರೊಳಗೆ ಬರದಿದ್ದರೆ ಇನ್ನು ಬರುವುದಿಲ್ಲ, ಕೆಲಸಕ್ಕೆ ಸೇರಿಸಿ’ ಎನ್ನುತ್ತಾರೆ ನೆಂಟರು. ತಡವಾಗಿ ಮೇಲೆ ಬಂದವರು ಇದ್ದಾರಾ? – ಧಾರವಾಡದ ಒಬ್ಬ ತಾಯಿ

ಉತ್ತರ: ಇದ್ದಾರೆ. ರಾಡುಕಾನು ಕಥೆ ಎಲ್ಲರಿಗೂ ಗೊತ್ತು. ನಿಮ್ಮ ಮಗಳು ತಿಳಿಯಬೇಕಾದ್ದು ಇನ್ನೊಬ್ಬ ಬ್ರಿಟಿಷ್ ಆಟಗಾರ್ತಿಯ ಕಥೆ. ಹೆಸರು ಜೊಹಾನ್ನಾ ಕೊಂಟಾ.

ಕೊಂಟಾ ಹುಟ್ಟಿದ್ದು 1991ರಲ್ಲಿ, ಸಿಡ್ನಿಯಲ್ಲಿ. ತಂದೆ ತಾಯಿ ಹಂಗೇರಿಯವರು. ಬ್ರಿಟಿಷ್ ಪೌರತ್ವ ಸಿಕ್ಕಿದ್ದು 2012ರಲ್ಲಿ. 2015ರ ಬೇಸಿಗೆಗೆ ವಯಸ್ಸು 24, ಸ್ಥಾನ 150ರ ಹತ್ತಿರ. ಹೊಡೆತಗಳಲ್ಲಿ ಕೊರತೆ ಇರಲಿಲ್ಲ. ಬಿಗಿ ಪಂದ್ಯದಲ್ಲಿ ಗಾಬರಿಯಾಗಿ ಕೈಬಿಡುವುದೇ ತೊಂದರೆಯಾಗಿತ್ತು. ಅಷ್ಟು ಹೊತ್ತಿಗೆ ಸ್ಪೇನಿನ ಎಸ್ತೆಬಾನ್ ಕಾರಿಲ್ ಮತ್ತು ಹೊಸೆ ಮನುಯೆಲ್ ಗಾರ್ಸಿಯಾ ಎಂಬ ಕೋಚ್‌ಗಳ ಜೊತೆ ಅಭ್ಯಾಸ ಶುರುವಾಗಿತ್ತು. ಮನಸ್ಸಿನ ತಯಾರಿಗೆ ಹುವಾನ್ ಕೋಟೊ ಇದ್ದರು. ಗೆಲುವು ಸೋಲಿನ ಯೋಚನೆ ಬಿಟ್ಟು ಮುಂದಿನ ಒಂದು ಪಾಯಿಂಟ್ ಹೇಗೆ ಆಡಬೇಕು ಎನ್ನುವುದನ್ನಷ್ಟೇ ಹಿಡಿದುಕೊಳ್ಳುವ ಅಭ್ಯಾಸ ಅದು. ಮುಂದೆ ಕೊಂಟಾ ಪ್ರತಿ ಸಂದರ್ಶನದಲ್ಲೂ ಅದನ್ನೇ ಹೇಳುತ್ತಿದ್ದರು. ಕೇಳುವವರಿಗೆ ಬೇಸರ ಬರುವಷ್ಟು.

ಆ ಜೂನ್‌ನಲ್ಲಿ ಈಸ್ಟ್‌ಬೋರ್ನ್‌ನಲ್ಲಿ ಎಕಟೆರಿನಾ ಮಕರೋವಾ ಮತ್ತು ಗಾರ್ಬಿನೆ ಮುಗುರುಜಾ ಅವರನ್ನು ಸೋಲಿಸಿದರು. ವಿಂಬಲ್ಡನ್‌ನಲ್ಲಿ ಮರಿಯಾ ಶರಪೋವಾ ಎದುರು ಮೊದಲ ಸುತ್ತಿನಲ್ಲೇ ಹೊರಬಿದ್ದರು. ನಿಮ್ಮ ಮಗಳಿಗೆ ತೋರಿಸಬೇಕಾದ್ದು ಇದರ ನಂತರ ಅವರು ಮಾಡಿದ್ದನ್ನು. ದೊಡ್ಡ ಆಟಗಾರ್ತಿಯರನ್ನು ಸೋಲಿಸಿದೆ ಎಂದು ದೊಡ್ಡ ಟೂರ್ನಿಗಳ ಹಿಂದೆ ಓಡಲಿಲ್ಲ. ಕೆನಡಾದ ಗ್ರ್ಯಾನ್ಬಿ, ವ್ಯಾಂಕೂವರ್‌ನ ಐಟಿಎಫ್ ಟೂರ್ನಿಗಳಿಗೆ ಹೋದರು. ಎರಡನ್ನೂ ಗೆದ್ದರು. ಸೋಲದೆ ಆಡುವ ರೂಢಿ ಮೈಗೆ ಹತ್ತಿತು.

ಅಲ್ಲಿಂದ ಅಮೆರಿಕ ಓಪನ್. ಆ ಹೊತ್ತಿಗೆ ನೂರರೊಳಗೆ ಬಂದಿದ್ದರು. ಆದರೂ ಅರ್ಹತಾ ಸುತ್ತು ಆಡಬೇಕಾಯಿತು, ಯಾಕೆಂದರೆ ಮುಖ್ಯ ಸುತ್ತಿನ ಪಟ್ಟಿ ಆರು ವಾರ ಮೊದಲೇ ಮುಚ್ಚುತ್ತದೆ. ಮೂರು ಅರ್ಹತಾ ಪಂದ್ಯ ಗೆದ್ದು, ಎರಡನೇ ಸುತ್ತಿನಲ್ಲಿ ಮತ್ತೆ ಮುಗುರುಜಾ ಎದುರು ನಿಂತರು. 3 ಗಂಟೆ 23 ನಿಮಿಷದ ಆಟ. ಅಮೆರಿಕ ಓಪನ್ ಮಹಿಳಾ ಸಿಂಗಲ್ಸ್‌ನಲ್ಲಿ ಅಲ್ಲಿಯವರೆಗೆ ದಾಖಲಾದ ಅತಿ ದೀರ್ಘ ಪಂದ್ಯ ಅದು. ಹಿಂದೆ ಬಿಗಿ ಪಂದ್ಯಗಳಲ್ಲಿ ಕುಸಿಯುತ್ತಿದ್ದವರು ಗೆದ್ದೇ ಹೊರಬಂದರು. ನಾಲ್ಕನೇ ಸುತ್ತಿನಲ್ಲಿ ಪೆಟ್ರಾ ಕ್ವಿಟೋವಾ ತಡೆಯುವವರೆಗೆ ಸತತ 16 ಗೆಲುವು.

2016ರ ಆಸ್ಟ್ರೇಲಿಯನ್ ಓಪನ್‌ಗೆ ಬಂದಾಗ 47ನೇ ಸ್ಥಾನ. ಮೊದಲ ಸುತ್ತಿನಲ್ಲೇ ವೀನಸ್ ವಿಲಿಯಮ್ಸ್‌ರನ್ನು ಹೊರಹಾಕಿ ಸೆಮಿಫೈನಲ್ ತನಕ ಹೋದರು. 1983ರ ಜೋ ಡ್ಯೂರಿ ನಂತರ ಗ್ರ್ಯಾನ್‌ಸ್ಲಾಂ ಸೆಮಿಫೈನಲ್ ತಲುಪಿದ ಮೊದಲ ಬ್ರಿಟಿಷ್ ಮಹಿಳೆ. ಜುಲೈನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ಡಬ್ಲ್ಯುಟಿಎ ಪ್ರಶಸ್ತಿ, ಫೈನಲ್‌ನಲ್ಲಿ ಮತ್ತೆ ವೀನಸ್ ಎದುರು. ಅಕ್ಟೋಬರ್‌ನಲ್ಲಿ ಬೀಜಿಂಗ್ ಫೈನಲ್ ಆಡಿ ಮೊದಲ ಹತ್ತರೊಳಗೆ ಬಂದರು. ಅದರ ಬೆನ್ನಿಗೇ ಕೋಟೊ ತೀರಿಕೊಂಡರು. ಆ ಪೆಟ್ಟಿನ ನಂತರವೂ 2017ರಲ್ಲಿ ಸಿಡ್ನಿ ಗೆದ್ದರು, ಮಯಾಮಿ ಗೆದ್ದರು, ವಿಂಬಲ್ಡನ್ ಸೆಮಿಫೈನಲ್ ಆಡಿದರು. ಆ ಜುಲೈನಲ್ಲಿ ವಿಶ್ವದ 4ನೇ ಸ್ಥಾನ. ಸುಮಾರು 150ರಿಂದ ನಾಲ್ಕಕ್ಕೆ ಬರಲು ಎರಡು ವರ್ಷ ಹಿಡಿಯಿತು. ಒಂದು ಗ್ರ್ಯಾನ್‌ಸ್ಲಾಂ ಕೂಡ ಗೆಲ್ಲದೆ ಅಷ್ಟು ಮೇಲೆ ಬಂದರು ಅಂದರೆ ವಾರವಾರವೂ ದುಡಿದದ್ದೇ ಕಾರಣ, ಅಲ್ವಾ? ಅವರ ಬಗ್ಗೆ ನನಗಿರುವ ಗೌರವ ಅದಕ್ಕೇ.

ಈಗ ನಿಮ್ಮ ಮಗಳ ವಿಷಯ. ನೇರವಾಗಿ ಹೇಳಬೇಕು ಅಮ್ಮ. 150 ಬೇರೆ, 700 ಬೇರೆ. ಕೊಂಟಾ 24ನೇ ವಯಸ್ಸಿನಲ್ಲಿ ಗ್ರ್ಯಾನ್‌ಸ್ಲಾಂ ಅರ್ಹತಾ ಸುತ್ತು ಆಡುತ್ತಿದ್ದರು. ಅವರ ಹೆಸರು ಹೇಳಿ ನಿಮಗೆ ಸುಮ್ನೆ ಆಸೆ ಹುಟ್ಟಿಸಲಾರೆ. ಆದರೆ ವಯಸ್ಸು 22 ಆಯಿತು ಎನ್ನುವುದೊಂದೇ ಬಿಡಲು ಕಾರಣ ಆಗಬಾರದು. ಮಗಳ ಕಳೆದ ಒಂದು ವರ್ಷದ ಫಲಿತಾಂಶ ಮುಂದೆ ಇಟ್ಟುಕೊಂಡು ಕೂತು ನೋಡಿ. ಐಟಿಎಫ್‌ನ ಅತಿ ಕೆಳಗಿನ ಹಂತವಾದ ಡಬ್ಲ್ಯು 15 ಗೆದ್ದರೆ 15 ಪಾಯಿಂಟ್ಸ್, ಅದರ ಮೇಲಿನ ಡಬ್ಲ್ಯು 35 ಗೆದ್ದರೆ 35. ಡಬ್ಲ್ಯು 15 ಟೂರ್ನಿಗಳಲ್ಲಿ ಸೆಮಿಫೈನಲ್, ಫೈನಲ್‌ಗೆ ಪದೇಪದೇ ಹೋಗುತ್ತಿದ್ದಾಳೆ ಅಂದರೆ ಒಂದು ಮೆಟ್ಟಿಲು ಮೇಲೆ ಹೋಗುವ ಸಮಯ. ದೊಡ್ಡ ಟೂರ್ನಿಗೆ ದೂರ ಹೋಗಿ ಮೊದಲ ಸುತ್ತಲ್ಲಿ ಸೋತು ಬರುತ್ತಿದ್ದಾಳೆ ಅಂದರೆ, ಕೊಂಟಾ ಕೆನಡಾದಲ್ಲಿ ಮಾಡಿದ್ದನ್ನು ಮಾಡಲಿ. ಗೆಲ್ಲಬಹುದಾದ ಕಡೆ ಹೋಗಿ ನಾಲ್ಕಾರು ಪಂದ್ಯ ಗೆಲ್ಲಲಿ. ಸೋತ ಪಂದ್ಯಗಳು ಮೂರನೇ ಸೆಟ್‌ನಲ್ಲೇ ಕೈತಪ್ಪುತ್ತಿದ್ದರೆ, ಹೊಸ ಹೊಡೆತಕ್ಕಿಂತ ಮೊದಲು ಮನಸ್ಸಿಗೆ ತರಬೇತಿ ಬೇಕು. ಈ ಮೂರರಲ್ಲಿ ಯಾವುದೆಂದು ಅವಳ ಕೋಚ್ ನಿಮಗೆ ಸ್ಪಷ್ಟವಾಗಿ ಹೇಳಬೇಕು. ಹೇಳಲಾಗದಿದ್ದರೆ ಬೇರೆಯವರನ್ನು ಕೇಳಿ.

ಪ್ರಶ್ನೆ: ಬ್ರಿಟನ್ನಿನ ಮಹಿಳೆ ಯಾರಾದರೂ ನಂಬರ್ 1 ಆಗಿದ್ದಾರಾ? – ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಡಬ್ಲ್ಯುಟಿಎ ಸಿಂಗಲ್ಸ್ ಪಟ್ಟಿಯಲ್ಲಿ ಇಲ್ಲ. ಡಬ್ಲ್ಯುಟಿಎ ಕಂಪ್ಯೂಟರ್ ರ‍್ಯಾಂಕಿಂಗ್ ಶುರುವಾದದ್ದು 1975ರ ನವೆಂಬರ್‌ನಲ್ಲಿ. ವರ್ಜೀನಿಯಾ ವೇಡ್ 2, ಸ್ಯೂ ಬಾರ್ಕರ್ 3, ಕೊಂಟಾ 4, ಡ್ಯೂರಿ 5. ಇವು ಅವರವರ ಅತ್ಯುತ್ತಮ ಸ್ಥಾನಗಳು.

ಪ್ರಶ್ನೆ: ವಿಂಬಲ್ಡನ್ ತನ್ನ ದೇಶದವರಿಗೇ ವೈಲ್ಡ್‌ಕಾರ್ಡ್ (ಸ್ಥಾನ ನೋಡದೆ ಸಂಘಟಕರು ಕೊಡುವ ಪ್ರವೇಶ) ಹಂಚುತ್ತದೆ. ನಮ್ಮ ಹುಡುಗಿಯರಿಗೆ ಇದು ಅನ್ಯಾಯ ಅಲ್ಲವೇ? – ಬೆಂಗಳೂರಿನ ಓದುಗರು

ಉತ್ತರ: ಅನುಕೂಲ ಇದೆ, ಅದು ದೊಡ್ಡದೇ. 2021ರಲ್ಲಿ ರಾಡುಕಾನು 338ನೇ ಸ್ಥಾನದಲ್ಲಿದ್ದರು. ಆ ಸ್ಥಾನದಿಂದ ವಿಂಬಲ್ಡನ್ ಮುಖ್ಯ ಸುತ್ತಿಗೆ ಬೇರೆ ದಾರಿಯೇ ಇರಲಿಲ್ಲ. ವೈಲ್ಡ್‌ಕಾರ್ಡ್ ಸಿಕ್ಕಿತು, ಮೂರು ಪಂದ್ಯ ಗೆದ್ದರು, 179ಕ್ಕೆ ಬಂದರು. ಆ ಪಾಯಿಂಟ್ಸ್ ಇಲ್ಲದಿದ್ದರೆ ಅಮೆರಿಕ ಓಪನ್ ಅರ್ಹತಾ ಸುತ್ತಿಗೂ ಪ್ರವೇಶ ಸಿಗುತ್ತಿರಲಿಲ್ಲ. ಅಂದರೆ ಆ ಟ್ರೋಫಿಯ ಬೇರು ಒಂದು ವೈಲ್ಡ್‌ಕಾರ್ಡ್‌ನಲ್ಲಿದೆ. ಆ ವರ್ಷ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಸೋತರೂ 48,000 ಪೌಂಡ್ ಸಿಗುತ್ತಿತ್ತು. ಆ ಹಂತದ ಆಟಗಾರ್ತಿಗೆ ಅದು ಸಣ್ಣ ಮೊತ್ತವಲ್ಲ.

ಆದರೆ ವೈಲ್ಡ್‌ಕಾರ್ಡ್ ಬಾಗಿಲು ತೆರೆಯುತ್ತದೆ, ಅಷ್ಟೇ. ಮಾರ್ಕೆಟಾ ವೊಂಡ್ರೊಸೊವಾ ಅವರನ್ನು ಅಲ್ಲಿ ಸೋಲಿಸಿದ್ದು ರಾಡುಕಾನು ಆಟವೇ. ನಮಗೆ ಗ್ರ್ಯಾನ್‌ಸ್ಲಾಂ ಇಲ್ಲ. ನಮ್ಮ ನೆಲದ ಟೂರ್ನಿಗಳು ಎಷ್ಟು ಮುಖ್ಯ ಎನ್ನುವುದು ಇಲ್ಲಿಂದಲೇ ತಿಳಿಯುತ್ತದೆ. ಸಾನಿಯಾ ಮಿರ್ಜಾ 2005ರಲ್ಲಿ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದದ್ದು ತವರು ಹೈದರಾಬಾದಿನಲ್ಲಿ. 2007ರಲ್ಲಿ 27ನೇ ಸ್ಥಾನದವರೆಗೆ ಹೋದರು. ಬೆಂಗಳೂರಿಗೂ ಅಂಥ ದಿನಗಳಿದ್ದವು. 2008ರಲ್ಲಿ ಇಲ್ಲಿನ ಡಬ್ಲ್ಯುಟಿಎ ಟೂರ್ನಿ ಗೆದ್ದವರು ಸೆರೆನಾ ವಿಲಿಯಮ್ಸ್. ಈಚೆಗೆ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಐಟಿಎಫ್ ಮಹಿಳಾ ಟೂರ್ನಿಗಳು ನಡೆದಿವೆ. ರಾಡುಕಾನು ಕೂಡ 2019ರ ಡಿಸೆಂಬರ್‌ನಲ್ಲಿ ಪುಣೆಗೆ ಬಂದು 25,000 ಡಾಲರ್ ಬಹುಮಾನದ ಐಟಿಎಫ್ ಟೂರ್ನಿ ಗೆದ್ದು ಹೋದವರು. ಇಂಗ್ಲೆಂಡಿನಿಂದ ಪಾಯಿಂಟ್ಸ್ ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ. ಇಂಥ ಟೂರ್ನಿ ನಮ್ಮ ರಾಜ್ಯದಲ್ಲೇ ಇನ್ನೂ ಹೆಚ್ಚು ನಡೆದರೆ, ನಮ್ಮ ಹುಡುಗಿಯರು ವಿಮಾನದ ಖರ್ಚಿಲ್ಲದೆ ಅದೇ ಪಾಯಿಂಟ್ಸ್‌ಗೆ ಆಡಬಹುದು. ವಿಂಬಲ್ಡನ್ ಮೇಲಿನ ಸಿಟ್ಟಿಗಿಂತ ಮೊದಲು ನಾವು ನಮ್ಮ ರಾಜ್ಯದ ಸಂಸ್ಥೆಯನ್ನೂ ಪ್ರಾಯೋಜಕರನ್ನೂ ಕೇಳಬೇಕಾದ್ದು ಅದನ್ನೇ.