‘ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ನಂಬಬೇಡಿ

ಪ್ರಶ್ನೆ: ಮನಶ್ಶಾಸ್ತ್ರ ಎಂ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೇನೆ. ತರಬೇತಿಗೆ ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹೋಗುತ್ತಿದ್ದೇನೆ. ಮಕ್ಕಳು ಹೇಳಿದ್ದು ರಾತ್ರಿ ಮಲಗಿದರೂ ತಲೆಯಿಂದ ಹೋಗುವುದಿಲ್ಲ. ಯಾವ ಟೀಚರ್ ರಜೆ ಹಾಕಿದರೂ ಆ ಕ್ಲಾಸಿಗೆ ನನ್ನನ್ನೇ ಕಳಿಸುತ್ತಾರೆ. ‘ಎಲ್ಲ ಅಭ್ಯಾಸವಾಗುತ್ತದೆ’ ಎನ್ನುತ್ತಾರೆ ಹಿರಿಯರು. ಈಗಲೇ ಹೀಗಾದರೆ ಕೆಲಸಕ್ಕೆ ಸೇರಿದ ಮೇಲೆ ಗತಿ ಏನು?
– ಓದುಗಿ, ಪೆರ್ಲ

ಉತ್ತರ: ಮಕ್ಕಳ ಸಂಕಟ ಕೇಳಿ ಕೇಳಿ ಏನೂ ಅನಿಸದಂತಾದರೆ ಅದು ಅಭ್ಯಾಸವಲ್ಲ, ಬರ್ನ್‌ಔಟ್‌ನ, ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿದುಹೋಗುವುದರ ಲಕ್ಷಣ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಗುರುತಿಸಿದ ಮೂರು ಲಕ್ಷಣಗಳಲ್ಲಿ ಈ ಉದಾಸೀನವೂ ಒಂದು. ಮನಸ್ಸು ಬತ್ತಿಹೋಗುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಅನಿಸುವುದು ಉಳಿದೆರಡು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಬರ್ನ್‌ಔಟನ್ನು ಕಾಯಿಲೆ ಎನ್ನುವುದಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎನ್ನುತ್ತದೆ. ಹಾಗಾಗಿ ಇದನ್ನು ನಿಮ್ಮ ದೌರ್ಬಲ್ಯವೆಂದುಕೊಳ್ಳಬೇಡಿ.

ನಿದ್ದೆಗೆಡಿಸುವ ಮಾತುಗಳದು ಬೇರೆ ವಿಷಯ. ಇನ್ನೊಬ್ಬರ ಆಘಾತವನ್ನು ಕೇಳಿದವರಿಗೂ ಅದರ ಪೆಟ್ಟು ತಾಗುತ್ತದೆ. ಇದಕ್ಕೆ ಮದ್ದು ಸೂಪರ್‌ವಿಷನ್, ಅಂದರೆ ಅನುಭವಿ ಮಾರ್ಗದರ್ಶಕರ ಜತೆ ಕೂತು ನಿಮ್ಮ ಕೆಲಸದ ಬಗ್ಗೆ ಮಾತಾಡುವುದು. ವಾರಕ್ಕೊಂದು ಗಂಟೆ ನಿಗದಿ ಮಾಡಿಕೊಡಿ ಎಂದು ನಿಮ್ಮ ಮಾರ್ಗದರ್ಶಕರನ್ನು ಈಗಲೇ ಕೇಳಿ. ಅಲ್ಲಿ ಮಗುವಿಗೆ ಏನಾಗಿದೆ ಎಂದಷ್ಟೇ ಹೇಳಿ ಎದ್ದು ಬರಬೇಡಿ, ಕೇಳುವಾಗ ನಿಮಗೇನಾಯಿತು ಎಂಬುದನ್ನೂ ಹೇಳಿ. ಅಂಕ ಕೊಡುವವರ ಮುಂದೆ ಬಾಯಿ ಬಿಡುವುದು ಕಷ್ಟ, ಗೊತ್ತು. ಹಾಗಿದ್ದರೆ ಸಹಪಾಠಿಗಳು ನಾಲ್ಕೈದು ಮಂದಿ ಸೇರಿ, ಮಕ್ಕಳ ಗುರುತು ಬಿಟ್ಟುಕೊಡದೆ ಮಾತಾಡಿಕೊಳ್ಳಿ. ಕೆಲಸ ಸಿಕ್ಕ ಮೇಲೂ ಈ ಕೂಟ ನಿಲ್ಲಬಾರದು. ಊರಿಗೊಬ್ಬರಂತೆ ಒಂಟಿಯಾಗಿ ದುಡಿಯುವ ನಿಮ್ಮಂಥವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

‘ಯಾರಿಗೂ ಹೇಳ್ಬೇಡಿ ಟೀಚರ್’ ಎಂದು ಮಗು ಕೈ ಹಿಡಿದಾಗ ‘ಇಲ್ಲ’ ಎಂದು ಮಾತು ಕೊಟ್ಟುಬಿಡುವವರು ಬಹಳ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕೊಟ್ಟ ಮಾತಿಗೂ ಕಾನೂನಿಗೂ ನಡುವೆ ಸಿಕ್ಕಿಕೊಂಡರೆ ಯಾರಿಗೆ ನಿದ್ದೆ ಬಂದೀತು? ‘ನೀನು ಹೇಳಿದ್ದನ್ನು ಊರಿಡೀ ಹೇಳುವುದಿಲ್ಲ. ಆದರೆ ನಿನಗೆ ಅಪಾಯ ಇದೆ ಅಂತ ಕಂಡರೆ ಸಹಾಯ ಮಾಡುವವರಿಗೆ ಹೇಳುತ್ತೇನೆ.’ ಮೊದಲ ದಿನವೇ ಹೇಳಬೇಕಾದ ಮಾತು ಇದು. ತುಳು, ಮಲಯಾಳಂನಲ್ಲೂ ನಾಲಿಗೆಗೆ ಸಲೀಸಾಗಿ ಬರುವವರೆಗೆ ರೋಲ್‌ಪ್ಲೇ ಮಾಡಿ ರೂಢಿಸಿಕೊಳ್ಳಿ.

ಭಾಷೆಯ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗು ಅಳುವುದು ತುಳುವಿನಲ್ಲಿ, ನೀವು ಟಿಪ್ಪಣಿ ಮಾಡುವುದು ಕನ್ನಡದಲ್ಲಿ, ಇಲಾಖೆಯ ಕಾಗದ ಮಲಯಾಳಂನಲ್ಲಿ, ಕಾಲೇಜಿನ ವರದಿ ಇಂಗ್ಲಿಷಿನಲ್ಲಿ. ಒಂದೇ ಸಂಕಟವನ್ನು ಮತ್ತೆ ಮತ್ತೆ ಬರೆಯುವ ಈ ದುಡಿಮೆ ಯಾವ ಸಿಲಬಸ್ಸಿನಲ್ಲೂ ಕಾಣುವುದಿಲ್ಲ. ಹಾಗಾಗಿ ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಬರೆಯಲು ಬಿಡುವು ಇಟ್ಟುಕೊಳ್ಳಿ.

ಇನ್ನು ರಜೆ ಹಾಕಿದವರ ಕ್ಲಾಸು. ಬರ್ನ್‌ಔಟ್‌ಗೆ ನೇರ ದಾರಿ ಇದೇ. 500 ಮಕ್ಕಳಿಗೆ ಒಬ್ಬ ಶಾಲಾ ಮನಶ್ಶಾಸ್ತ್ರಜ್ಞರಿರಬೇಕು ಎಂಬುದು ಅಮೆರಿಕದ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘದ ಶಿಫಾರಸು. ನಮ್ಮಲ್ಲಿ ಆ ಮಾತು ದೂರವೇ ಉಳಿಯಿತು, ಇರುವ ಒಬ್ಬರ ಸಮಯವಾದರೂ ಉಳಿಯಬೇಡವೇ? ನಿಮ್ಮ ಕೆಲಸ ಯಾವುದು, ಯಾವುದಲ್ಲ ಎಂದು ಕಾಲೇಜಿನಿಂದಲೇ ಹೆಡ್ಮಾಸ್ಟರಿಗೆ ಪತ್ರ ಹೋಗಲಿ. ವಿದ್ಯಾರ್ಥಿಯಾಗಿ ನೀವೊಬ್ಬರೇ ಹೋಗಿ ವಾದಿಸಬೇಕಾಗಿಲ್ಲ.

ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ದಿನದ 24 ಗಂಟೆಯೂ ಸಿಗುತ್ತಾರೆ.